ಮೈದಾನದ ವಿಡಿಯೊ ಮತ್ತು ಚಿಕ್ಕಪ್ಪನ ಆಕ್ಷೇಪ

(ಅಕ್ಕ ಕುಟುಂಬದ ಗುಂಪಿಗೆ ಹಾಕಿದ ವಿಡಿಯೊದ ಒಕ್ಕಣೆ: "ಒಂದೇ ಸೂಲಿನ ನಾಯಿಗಳಾದ ಕರಿಯ, ಕೆಂಪಿ ಎರಡು ವರ್ಷಗಳ ನಂತರ ಪರಸ್ಪರ ಗುರುತು ಹಿಡಿದ ಕ್ಷಣ.")

ಚಿಕ್ಕಪ್ಪ: ಎರಡು ಸಲ ನೋಡಿದೆ, ಸಂಭ್ರಮಪಡುವಂಥದ್ದೇನೂ ನನಗೆ ಕಾಣಲಿಲ್ಲ. ಕರಿಯ ಅವಳ ಕತ್ತಿಗೆ ಬಾಯಿ ಹಾಕಿದ್ದಾನೆ, ಅವಳು ಗುರುಗುಟ್ಟುತ್ತಿದ್ದಾಳೆ, ನೀವೆಲ್ಲ ನಗುತ್ತಾ ನಿಂತಿದ್ದೀರಿ. ನಮ್ಮ ಹಳೆಯ ನಾಯಿಯ ಕಿವಿ ಹರಿದ ದಿನ ಅದನ್ನು ಎತ್ತಿಕೊಂಡು ಓಡಿ ಹೊಲಿಗೆ ಹಾಕಿಸಿದವನು ನಾನು. ಇನ್ನು ಮುಂದೆ ಕೆಂಪಿಯನ್ನು ನಾನು ಕಳುಹಿಸುವುದಿಲ್ಲ.

ಅಕ್ಕ: ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ ಚಿಕ್ಕಪ್ಪ. ಮನೆಗೆ ಬಿಡುವ ಮುನ್ನ ನಾನೇ ತಡವಿ ನೋಡಿದ್ದೇನೆ.

ನಾನು: ಚಿಕ್ಕಪ್ಪ, ನಿಮ್ಮ ಭಯ ಅಕಾರಣವೆಂದು ನಾನು ಹೇಳಲಾರೆ. ಆದರೆ ದಯವಿಟ್ಟು ಮೂರನೆಯ ಸಲ, ಧ್ವನಿ ನಿಲ್ಲಿಸಿ ನೋಡಿ. ಕರಿಯ ಬಾಯಿ ಹಾಕುವುದಕ್ಕೂ ಮೊದಲು ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುತ್ತಾನೆ. ನಾಯಿಗಳಲ್ಲಿ ಇದು ಆಟಕ್ಕೆ ಕೊಡುವ ಕರೆ. ಅವಳಿಗಿಂತ ಅಷ್ಟು ದಪ್ಪಗಿರುವ ಅವನು ತಾನಾಗಿಯೇ ಅಂಗಾತ ಬಿದ್ದು ಹೊಟ್ಟೆ ತೋರಿಸಿ ಅವಳಿಗೆ ಮೇಲುಗೈ ಬಿಟ್ಟುಕೊಡುತ್ತಾನೆ, ಮರುಕ್ಷಣ ಅಟ್ಟಿಸಿಕೊಂಡು ಹೋಗುವವನು ಅಟ್ಟಿಸಿಕೊಳ್ಳುವವನಾಗುತ್ತಾನೆ, ನಡುವೆ ಇಬ್ಬರೂ ನಿಂತು ಮೈ ಕೊಡವಿಕೊಂಡು ಮತ್ತೆ ಶುರುಮಾಡುತ್ತಾರೆ. ಜಗಳವಾಗಿದ್ದರೆ ಮೈ ಸೆಟೆದುಕೊಳ್ಳುತ್ತಿತ್ತು, ಬಾಯಿ ಬಿಗಿಯಾಗುತ್ತಿತ್ತು, ಒಬ್ಬರು ತಪ್ಪಿಸಿಕೊಳ್ಳಲು ಹೊರಟರೂ ಇನ್ನೊಬ್ಬರು ಬಿಡುತ್ತಿರಲಿಲ್ಲ. ಗುರುಗುಟ್ಟುವುದು ಆಟದಲ್ಲಿಯೂ ಇರುತ್ತದೆ. ಸದ್ದೊಂದನ್ನೇ ಕೇಳಿ ತೀರ್ಪು ಕೊಡಬೇಡಿ.

ಚಿಕ್ಕಪ್ಪ: ಹಾಗಿದ್ದರೆ ಕಳೆದ ತಿಂಗಳು ಗೇಟಿನ ಬಳಿ ಇವೇ ಎರಡು ಒಂದರ ಮೇಲೊಂದು ಎಗರಿದ್ದು ಏಕೆ? ಅಂದು ಈ ಗುರುತು ಎಲ್ಲಿ ಹೋಗಿತ್ತು?

ನಾನು: ಅಂದು ಎರಡನ್ನೂ ಬಿಗಿಯಾದ ಸರಪಳಿಯಲ್ಲಿ ಹಿಡಿದು, ಇಕ್ಕಟ್ಟಿನಲ್ಲಿ ಮುಖಾಮುಖಿ ನಿಲ್ಲಿಸಿದ್ದೆವು. ಬಿಟ್ಟ ನಾಯಿ ಸಾಮಾನ್ಯವಾಗಿ ನೇರವಾಗಿ ನುಗ್ಗದೆ ಬಳಸಿಕೊಂಡು ಬಂದು ಪಕ್ಕದಿಂದ ಮೂಸುತ್ತದೆ. ನಾವು ಅದಕ್ಕೆ ಜಾಗವನ್ನೂ ಕೊಡಲಿಲ್ಲ, ದೂರ ಸರಿಯುವ ದಾರಿಯನ್ನೂ ಕೊಡಲಿಲ್ಲ. ತಪ್ಪು ನಮ್ಮದು, ಅವುಗಳದ್ದಲ್ಲ. ಬೇಲಿಯಿರುವ ಬಯಲಿಗೆ ನಾನು ಹಟ ಹಿಡಿದದ್ದು ಇದೇ ಕಾರಣಕ್ಕೆ.

ಭಾವ: ಗುರುತಿನ ಬಗ್ಗೆ ಮಾತ್ರ ಚಿಕ್ಕಪ್ಪನ ಅನುಮಾನ ಸರಿಯೆನಿಸುತ್ತದೆ. 1994ರಲ್ಲಿ ಪೀಟರ್ ಹೆಪ್ಪರ್ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಎರಡು ವರ್ಷ ಅಗಲಿದ್ದರೂ ತಾಯಿ ಮತ್ತು ಮರಿ ಒಂದನ್ನೊಂದು ವಾಸನೆಯಿಂದಲೇ ಗುರುತಿಸಿದ್ದವು. ಒಡಹುಟ್ಟಿದವುಗಳ ಪೈಕಿ ಇನ್ನೊಂದು ಸಹೋದರ ನಾಯಿಯ ಜೊತೆಯಲ್ಲೇ ಬೆಳೆದವು ಮಾತ್ರ ಆ ಗುರುತು ಉಳಿಸಿಕೊಂಡಿದ್ದವು. ನಮ್ಮ ಎರಡೂ ಒಂಟಿಯಾಗಿ ಬೆಳೆದವು. ಅಕ್ಕನ ಒಕ್ಕಣೆ ತುಸು ಹೆಚ್ಚಾಯಿತು.

ಅಕ್ಕ: ಒಪ್ಪಿದೆ, ಒಕ್ಕಣೆ ಬದಲಿಸುತ್ತೇನೆ. ಆದರೆ ದಣಿದ ಮೇಲೆ ಕೆಂಪಿ ತನ್ನ ಗದ್ದವನ್ನು ಅವನ ಬೆನ್ನ ಮೇಲಿಟ್ಟು ಮಲಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು: ಗುರುತಿತ್ತೋ ಇಲ್ಲವೋ, ಆ ಅರ್ಧ ಗಂಟೆ ಅವೆರಡೂ ಸುಖವಾಗಿದ್ದವು; ಅದನ್ನು ಕೆಂಪಿಯಿಂದ ಕಿತ್ತುಕೊಳ್ಳಬೇಡಿ ಚಿಕ್ಕಪ್ಪ. ಇನ್ನೊಂದು ಸಲ ನೀವೇ ಬಂದು ಬೇಲಿಯ ಬಳಿ ನಿಲ್ಲಿ. ನಿಮಗೆ ಸರಿಕಾಣದ ಕ್ಷಣದಲ್ಲಿ ಕರೆದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಚಿಕ್ಕಪ್ಪ: ಧ್ವನಿ ನಿಲ್ಲಿಸಿ ನೋಡಿದೆ. ಅವನು ಅಂಗಾತ ಬಿದ್ದದ್ದನ್ನು ನಾನು ಗಮನಿಸಿರಲಿಲ್ಲ. ಭಾನುವಾರ ಬೆಳಿಗ್ಗೆ ಬರುತ್ತೇನೆ. ಚೆಂಡು ಮಾತ್ರ ತರಬೇಡಿ, ಕಿವಿ ಹರಿದದ್ದು ಚೆಂಡಿಗಾಗಿಯೇ.