‘ಆ ನಾನು ಸತ್ತ’: ಇದು ತಪ್ಪಾ, ಬೇಕಂತಲೇ ಬರೆದದ್ದಾ?

ಮಳೆಹನಿ: ತಮ್ಮನಿಗೆ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಮೂರು ವರ್ಷ. ಓಡಾಡುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ಆ ನಗು ಮಾತ್ರ ಅವನದಲ್ಲ. ಅವನೇ ಹೇಳುವ ಹಾಗೆ ಒಂದು ಪದ್ಯ ಬರೆದೆ, ಹೇಗಿದೆ ಹೇಳಿ.

ಬೀಗದ ಕೈ ಕೈಯಲ್ಲೇ ಇದೆ
ಯಾವ ಬಾಗಿಲಿಗೆಂದು ಕೈ ಮರೆತಿದೆ
ಆ ನಾನು ಆಸ್ಪತ್ರೆಯಲ್ಲೇ ಸತ್ತ
ಈ ನಾನು ಅವನ ನೀಲಿ ಅಂಗಿ ತೊಟ್ಟು
ಅವನ ಅಕ್ಕನಿಗೆ ಅಕ್ಕಾ ಎನ್ನುತ್ತಿದ್ದೇನೆ

ಒತ್ತಕ್ಷರ: ಭಾವ ಚೆನ್ನಾಗಿದೆ. ಮೂರನೇ ಸಾಲು ತಿದ್ದಿ. ‘ನಾನು’ ಬಂದರೆ ‘ಸತ್ತೆ’ ಆಗಬೇಕು. ‘ನಾನು ಸತ್ತ’ ಅನ್ನೋದು ಕನ್ನಡವೇ ಅಲ್ಲ.

ಕಡ್ಡಿಪೆಟ್ಟಿಗೆ: ಪದ್ಯದ ಜೀವ ಇರುವುದೇ ಆ ಒಂದು ಅಕ್ಷರದಲ್ಲಿ, ಅದನ್ನೇ ತೆಗೀರಿ ಅಂತೀರಾ! 1848ರಲ್ಲಿ ಫಿನಿಯಾಸ್ ಗೇಜ್ ಅನ್ನುವವನ ತಲೆಯೊಳಗಿಂದ ಮೂರೂವರೆ ಅಡಿಗಿಂತ ಉದ್ದದ ಕಬ್ಬಿಣದ ಸಲಾಕೆ ತೂರಿ ಹೋಯಿತು, ಆದರೂ ಬದುಕಿದ. ಇವನು ಈಗ ಗೇಜ್ ಅಲ್ಲ ಅಂತ ಗೆಳೆಯರೇ ಹೇಳಿದರು ಅಂತ ಅವನನ್ನು ನೋಡಿಕೊಂಡ ಡಾಕ್ಟರ್ ಹಾರ್ಲೋ ಬರೆದಿದ್ದಾರೆ. ಅದನ್ನೇ ಈ ಪದ್ಯ ಒಂದು ಪ್ರತ್ಯಯದಲ್ಲಿ ಹೇಳಿದೆ.

ತಿರುವು: ಗೇಜ್ ಕತೆಯನ್ನು ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತೀರಿ. ಆಮೇಲೆ ಅವನು ಚಿಲಿಗೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ತೀರಿಕೊಂಡದ್ದು 1860ರಲ್ಲಿ. ಸತ್ತವನು ಗಾಡಿ ಓಡಿಸುತ್ತಾನಾ? ನನ್ನ ತಕರಾರು ವ್ಯಾಕರಣದ್ದಲ್ಲ. ಬದುಕಿರುವ ತಮ್ಮನ ಬಾಯಲ್ಲೇ ಅಕ್ಕ ‘ಸತ್ತ’ ಅನ್ನಿಸಿದ್ದು ಸರಿಯಾ?

ಒತ್ತಕ್ಷರ: ‘ವ್ಯಾಕರಣದ್ದಲ್ಲ’ ಅಂತ ಅಷ್ಟು ಸಲೀಸಾಗಿ ತಳ್ಳಬೇಡಿ. ಮಗು ‘ನಾನು ಬಂದ’ ಅಂದರೆ ತಿದ್ದಲ್ವಾ?

ಕಡ್ಡಿಪೆಟ್ಟಿಗೆ: ಮಗುವಾ? ಅಲ್ಲಿರೋದು ‘ಆ ನಾನು’ ಸ್ವಾಮಿ, ಬರೀ ‘ನಾನು’ ಅಲ್ಲ. ‘ಆ’ ಸೇರಿದ ಮೇಲೆ ಅದೊಂದು ಹೆಸರು. ‘ಆ ಹುಡುಗ ಸತ್ತ’ ಅಂದ ಹಾಗೆ.

ಒತ್ತಕ್ಷರ: ಓಹೋ. ಮುಂದಿನ ಸಾಲಲ್ಲಿ ‘ಈ ನಾನು’ ಇದೆಯಲ್ಲ, ಅದೂ ಹೆಸರೇ ತಾನೇ? ಹಾಗಾದರೆ ಕೊನೆಗೆ ‘ಎನ್ನುತ್ತಿದ್ದಾನೆ’ ಅಂತ ಬರಬೇಕಿತ್ತು. ನಿಮ್ಮ ನಿಯಮ ಒಂದೇ ಸಾಲಿಗಾ?

ಕಡ್ಡಿಪೆಟ್ಟಿಗೆ: ನಿಯಮ ಅಂತ ನಾನೆಲ್ಲಿ ಹೇಳಿದೆ? ‘ಆ’ ದೂರದವನು, ‘ಈ’ ಹತ್ತಿರದವನು. ಕೆಂಪು ಪೆನ್ನು ಕೆಳಗಿಟ್ಟು ಒಂದು ಸಲ ಓದಿ ನೋಡಿ.

ಒತ್ತಕ್ಷರ: ಪೆನ್ನಿನ ಸುದ್ದಿ ಬೇಡ. 22 ವರ್ಷ ಕನ್ನಡ ಪಾಠ ಮಾಡಿದ್ದೇನೆ.

ಕಡ್ಡಿಪೆಟ್ಟಿಗೆ: ಗೊತ್ತಾಗುತ್ತಿದೆ ಮೇಷ್ಟ್ರೇ.

ನರನಾಡಿ: ಇಬ್ಬರೂ ಮೂರನೇ ಸಾಲಲ್ಲೇ ಕೂತಿದ್ದೀರಿ, ತಪ್ಪಿರೋದು ಎರಡನೇದರಲ್ಲಿ. ಕೈ ಮರೆಯುವುದಿಲ್ಲ, ಮರೆಯುವುದು ತಲೆ. ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಮೂರ್ಛೆರೋಗಕ್ಕೆ ಮೆದುಳಿನ ಆಪರೇಷನ್ ಮಾಡಿದ ಮೇಲೆ ಹೊಸ ನೆನಪೇ ನಿಲ್ಲದಂತಾಯಿತು. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯೋದನ್ನು ಅವರ ಕೈ ಕಲಿಯಿತು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು, ನಿನ್ನೆಯೂ ಎಳೆದಿದ್ದೆ ಅನ್ನೋದೇ ನೆನಪಿಲ್ಲ!

ತಿರುವು: ಒಬ್ಬರನ್ನು ಹಿಡಿದು ಎಲ್ಲರ ಕೈ ಬಗ್ಗೆ ಹೇಳಿಬಿಟ್ಟಿರಾ? ಅಪ್ರಾಕ್ಸಿಯಾ ಕೇಳಿಲ್ವಾ? ಕೈಯಲ್ಲಿ ಬಲ ಇರುತ್ತದೆ, ಆದರೆ ಬಾಚಣಿಗೆ ಕೊಟ್ಟರೆ ಏನು ಮಾಡಬೇಕೋ ತೋಚುವುದಿಲ್ಲ.

ನರನಾಡಿ: ಬಾಚಣಿಗೆ ಬೇರೆ, ಬೀಗದ ಕೈ ಬೇರೆ. ಇವನಿಗೆ ತಿರುಗಿಸೋದು ಗೊತ್ತು, ಬಾಗಿಲು ಯಾವುದು ಅಂತ ಗೊತ್ತಿಲ್ಲ.

ಒತ್ತಕ್ಷರ: ಎರಡನೇ ಸಾಲಲ್ಲಿ ತಪ್ಪೇನಿಲ್ಲ. ‘ಕೈ ಮರೆತಿದೆ’, ಸರಿಯಾಗಿದೆ.

ಮಳೆಹನಿ: ‘ಅನ್ನಿಸಿದ್ದು’ ಅಂದಿರಲ್ಲ ತಿರುವು, ಅದು ಚುಚ್ಚಿತು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಒಂದಿನ ಹಳೇ ಆಲ್ಬಮ್ ತೆಗೆದು ಕೂತಿದ್ದೆವು. ಒಂದು ಫೋಟೋ ಮೇಲೆ ಬೆರಳಿಟ್ಟು ‘ಇವನು ಚೆನ್ನಾಗಿ ಕೇರಂ ಆಡ್ತಿದ್ದ, ಅಲ್ವಾ ಅಕ್ಕಾ’ ಅಂದ. ಫೋಟೋದಲ್ಲಿ ಇದ್ದದ್ದು ಅವನೇ. ಅದೂ ಅವನಿಗೆ ಗೊತ್ತಿತ್ತು. ಆದರೂ ‘ಆಡ್ತಿದ್ದೆ’ ಅನ್ನಲಿಲ್ಲ. ಆ ಕೊನೇ ಅಕ್ಷರ ನನ್ನದಲ್ಲ.

ಒತ್ತಕ್ಷರ: ‘ಇವನು ಆಡ್ತಿದ್ದ’ ಸರಿಯಾದ ಕನ್ನಡವೇ. ನಿಮ್ಮ ತಮ್ಮ ತಪ್ಪು ಮಾಡಿಲ್ಲ. ತಪ್ಪು ಪದ್ಯದಲ್ಲಿದೆ.

ತಿರುವು: ‘ಆಡ್ತಿದ್ದ’ ಅಂದ. ‘ಸತ್ತ’ ಅನ್ನಲಿಲ್ಲವಲ್ಲ.

ಕಡ್ಡಿಪೆಟ್ಟಿಗೆ: ಇಬ್ಬರಿಗೂ ದೊಡ್ಡ ನಮಸ್ಕಾರ. ಕಲ್ಲಿನ ಹತ್ತಿರ ಮಾತಾಡೋದು ವಾಸಿ.

ನರನಾಡಿ: ಪದ್ಯ ಅವನಿಗೆ ಓದಿ ಹೇಳಿದಿರಾ?

ಮಳೆಹನಿ: ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಅಂಗಿ ನೀಲಿ ಅಲ್ಲ, ಹಸಿರು ಅಂದ.

ಒತ್ತಕ್ಷರ: ಹಾಗಾದರೆ ನಾಲ್ಕನೇ ಸಾಲೂ ತಿದ್ದಬೇಕು.