ಬೀಗರ ಟೈರು

ಉಡುಪಿಯಲ್ಲಿ ಮದುವೆ. ಆಗುಂಬೆ ಘಾಟಿ ಇಳಿಯೋ ಮುಂಚೆ ಗಾಳಿ ಹೊಡೆಸೋಣ ಅಂತ ತೀರ್ಥಹಳ್ಳಿಯ ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದ್ದೇ ತಪ್ಪಾಯ್ತು. ಹತ್ತು ನಿಮಿಷದಲ್ಲಿ ಕಾರು ಜಾಕಿ ಮೇಲೆ, ನಾವು ಮೂವರು ಬೆಂಚಿನ ಮೇಲೆ.

"ಅಲ್ಲ ಮಾರಾಯ, ನಾಲ್ಕೂ ಒಂದೇ ದಿನ ಹಾಕಿಸಿದ್ದು, ಓಡಿದ್ದೂ ಒಂದೇ ರಸ್ತೇಲಿ. ಮುಂದಿನೆರಡು ಭಟ್ಟರ ತಲೆ ಆಗಿವೆ, ಹಿಂದಿನೆರಡಕ್ಕೆ ಇನ್ನೂ ಬೈತಲೆ ತೆಗೀಬಹುದು. ಇದ್ಯಾವ ನ್ಯಾಯ?" ಅಂದೆ.

"ನನ್ನ ತಲೆ ತಂಟೆಗೆ ಬರಬೇಡ," ಅಂದರು ಭಟ್ಟರು. "ನಿನ್ನ ಕಾರಿನ ಇಂಜಿನ್ ಎಲ್ಲಿದೆ?"

"ಮುಂದೆ."

"ಗೇರ್ ಬಾಕ್ಸು?"

"ಅದೂ ಮುಂದೆ."

"ಎಳೆಯೋ ಚಕ್ರ? ತಿರುಗಿಸೋ ಚಕ್ರ?"

"ಎರಡೂ ಮುಂದಿಂದೇ."

"ಬ್ರೇಕ್ ಒತ್ತಿದ್ರೆ ಕಾರು ಮೂಗು ಬಗ್ಗಿಸುತ್ತಲ್ಲ, ಆ ಭಾರ ಯಾರ ಮೇಲೆ? ಇನ್ನೂ ನ್ಯಾಯ ಕೇಳ್ತೀಯ!"

ಮೇಷ್ಟ್ರು ಎಲೆಗೆ ಸುಣ್ಣ ಹಚ್ಚುತ್ತಾ, "ಮದುವೆ ಮನೆ ಕಣೋ ಇದು," ಅಂದರು. "ಮುಂದಿನವು ಹೆಣ್ಣಿನ ಕಡೆಯವರು, ಹೊರೋದು, ಬಡಿಸೋದು, ಬೈಸಿಕೊಳ್ಳೋದು. ಹಿಂದಿನವು ಬೀಗರು. ದಿಬ್ಬಣದ ಜೊತೆ ಬಂದರು, ಉಂಡರು. ನಮ್ಮಪ್ಪನ ಅಂಬಾಸಿಡರ್‌ನಲ್ಲಿ ಹೀಗಿರಲಿಲ್ಲ. ತಿರುಗೋದು ಮುಂದಿನವು, ಗಾಡಿ ತಳ್ಳೋದು ಹಿಂದಿನವು. ಬೀಗರೂ ಸೌಟು ಹಿಡೀತಿದ್ರು. 1983ರಲ್ಲಿ ಮಾರುತಿ 800 ಬಂತು ನೋಡು, ಎಳೆಯೋ ಕೆಲಸನೂ ಮುಂದಿನವರ ಕುತ್ತಿಗೆಗೆ ಬಿತ್ತು."

ಅಂಗಡಿ ಹುಡುಗ ಅಷ್ಟರಲ್ಲಿ ಎಡಗಡೆ ಚಕ್ರ ಬಿಚ್ಚಿದ್ದ. "ಸಾರ್, ಇಲ್ಲಿ ಕೈ ಆಡಿಸಿ."

ಹೊರಗಿಂದ ಒಳಗೆ ಸವರಿದೆ, ನುಣುಪು. ಒಳಗಿಂದ ಹೊರಗೆ ಸವರಿದರೆ ಒಂದೊಂದು ಗುಬುಟೂ ತುರಿಮಣೆ ಹಲ್ಲಿನ ಹಾಗೆ ಬೆರಳಿಗೆ ತಾಗಿತು. ಹುಡುಗ ಎರಡೂ ಪಾದ ಒಳಮುಖ ಮಾಡಿ, ಚಪ್ಪಲಿ ಎಳೆಯುತ್ತಾ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದ. "ನಿಮ್ಮ ಗಾಡಿ ಹಿಂಗೆ ನಡೀತಿದೆ. ಅಲೈನ್‌ಮೆಂಟ್ ಹೋಗಿದೆ."

ನನ್ನ ಕಾರಿಗೆ ಇಷ್ಟು ಒನಪು ಇದೆ ಅಂತ ನನಗೇ ಗೊತ್ತಿರಲಿಲ್ಲ.

"ಗಾಳಿನೂ ಇಪ್ಪತ್ತನಾಲ್ಕೇ ಇದೆ. ಮೂವತ್ತಮೂರು ಇರ್ಬೇಕು ಅಂತ ಬಾಗಿಲ ಹತ್ರ ಸ್ಟಿಕ್ಕರ್ ಅಂಟಿಸಿದಾರಲ್ಲ ಸಾರ್. ಗಾಳಿ ಕಮ್ಮಿ ಆದ್ರೆ ಎರಡೂ ಅಂಚು ಸವೆಯುತ್ತೆ, ಜಾಸ್ತಿ ಆದ್ರೆ ನಡು. ಇದರಲ್ಲಿ ಗೀರಿನ ತಳದ ಉಬ್ಬು ಮೇಲಿನ ರಬ್ಬರಿಗೆ ಸಮ ಬಂದಿದೆ. ಅಂದ್ರೆ 1.6 ಮಿಲಿಮೀಟರಿಗೆ ಇಳಿದಿದೆ, ಮಳೇಲಿ ಘಾಟಿಗೆ ಹೋಗೋ ಟೈರಲ್ಲ ಇದು. ರೊಟೇಶನ್ ಮಾಡಿಸಿದ್ರಾ?"

"ದಿನಾ ತಿರುಗ್ತಾವಲ್ಲೋ!"

ಭಟ್ಟರು ಹಣೆ ಚಚ್ಚಿಕೊಂಡರು. "ಅದಲ್ಲ ಕರ್ಮವೇ. ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿಂದು ಹಿಂದೆ, ಹಿಂದಿಂದು ಮುಂದೆ ಹಾಕಿಸಿದ್ರೆ ನಾಲ್ಕೂ ಜೊತೆಗೆ ಬೋಳಾಗ್ತಿದ್ವು."

ಸರಿ, ಎರಡು ಹೊಸದು ಹಾಕು ಅಂದೆ. ಹುಡುಗ ತಂದವನೇ ಹಿಂದುಗಡೆಗೆ ಉರುಳಿಸಿಕೊಂಡು ಹೋದ.

"ಏಯ್, ದುಡಿಯೋರು ಮುಂದಿದ್ದಾರೆ!"

"ಹೊಸದು ಹಿಂದೇನೇ ಸಾರ್. ಮಳೇಲಿ ಮುಂದಿಂದು ಜಾರಿದ್ರೆ ಸ್ಟೇರಿಂಗ್ ಹಗುರಾಗಿ ಗೊತ್ತಾಗುತ್ತೆ, ಆಕ್ಸಿಲೇಟರ್ ಬಿಟ್ರೆ ಹಿಡಿತ ಸಿಗುತ್ತೆ. ಹಿಂದಿಂದು ಜಾರಿದ್ರೆ ಗಾಡಿ ಬುಗುರಿ. ಆಗುಂಬೇಲಿ ಹದಿನಾಲ್ಕು ತಿರುವು, ಯಾವುದರಲ್ಲಿ ಬುಗುರಿ ಆಡ್ತೀರ?"

"ನೋಡ್ದೇನೋ," ಮೇಷ್ಟ್ರು ತೊಡೆ ತಟ್ಟಿದರು. "ಕೊನೆಗೂ ರೇಷ್ಮೆ ಪಂಚೆ ಬೀಗರಿಗೇ!"

"ಆದ್ರೆ ಹಳೇ ಬೀಗರು ಮುಂದಕ್ಕೆ ಬಂದ್ರಲ್ಲ," ಅಂದೆ. "ಇನ್ಮೇಲೆ ಅವರೇ ಬಡಿಸಬೇಕು."

ಸವೆದ ಎರಡರಲ್ಲಿ ಒಂದನ್ನು ಸ್ಟೆಪ್ನಿ ಮಾಡೋಣ್ವಾ ಅಂತ ಕೇಳಿ ಹುಡುಗನ ಕೈಲಿ ಇನ್ನೊಂದು ಸಲ ಬೈಸಿಕೊಂಡು, ದುಡ್ಡು ಕೊಟ್ಟು ಹತ್ತಿದೆವು. ಭಟ್ಟರು ವಾಚು ನೋಡಿದರು. "ಮುಹೂರ್ತ ಮುಗಿದಿರುತ್ತೆ. ಅವಸರ ಮಾಡಬೇಡ, ಕೊನೇ ಪಂಕ್ತಿಗೆ ತಲುಪಿದ್ರೆ ಸಾಕು."

ಮೇಷ್ಟ್ರು ಆಗಲೇ ಹಿಂದಿನ ಸೀಟಲ್ಲಿ ಕಾಲು ಚಾಚಿ ಗೊರಕೆ ಹೊಡೀತಿದ್ದರು.