ಧ್ವನಿಪೆಟ್ಟಿಗೆ ತೆಗೆದ ಮೇಲೆ ಅಪ್ಪನ ಮಾತಿಗೆ ಯಾವ ದಾರಿ?

ಸಂತೆಕಟ್ಟೆ, ಉಡುಪಿ
ಅಪ್ಪನಿಗೆ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆ ಪೂರ್ತಿ ತೆಗೆದಿದ್ದಾರೆ. ರೇಡಿಯೇಷನ್ ಮುಗಿದಿದೆ. ಕುತ್ತಿಗೆಯ ತೂತಿನಲ್ಲೇ ಉಸಿರಾಟ. ನಮ್ಮದು ದಿನಸಿ ಅಂಗಡಿ. ಏನಿದ್ದರೂ ಚೀಟಿಯಲ್ಲಿ ಬರೆದು ತೋರಿಸುತ್ತಾರೆ, ಅಜ್ಜಿಗೆ ಓದಲು ಬರುವುದಿಲ್ಲ. ಡಾಕ್ಟರು ವಾಲ್ವ್ ಹಾಕಬಹುದು, ಇಲ್ಲವೇ ಕುತ್ತಿಗೆಗೆ ಹಿಡಿಯುವ ಮೆಷಿನ್ ತಗೊಳ್ಳಿ ಅಂದರು. ಬಳಸಿದವರು ಇದ್ದರೆ ಹೇಳಿ.

ಹಳೆ ಕಂಡಕ್ಟರ್, ಕಂಕನಾಡಿ
ಎರಡನ್ನೂ ಬಳಸಿದವನು ನಾನು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಸುರತ್ಕಲ್‌ವರೆಗೆ "ರೈಟ್, ಪೋಯಿ" ಅಂತ ಕೂಗಿ ಅನ್ನ ತಿಂದವನು. ಸ್ವರ ಚಂದ ಬೇಕಾದರೆ ವಾಲ್ವ್, ಮಾರಾಯ್ರೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ತೂತು ಮಾಡಿ ಕೂರಿಸುತ್ತಾರೆ. ಕುತ್ತಿಗೆಯ ತೂತನ್ನು ಹೆಬ್ಬೆರಳಲ್ಲಿ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ಹೋಗಿ ಅಲ್ಲಿನ ಗೋಡೆ ಅದುರುತ್ತದೆ. ಸ್ವರ ಸ್ವಲ್ಪ ದಪ್ಪ, ಆದರೆ ಮನುಷ್ಯನದ್ದೇ.

ಅದರ ಚಾಕರಿ ಮಾತ್ರ ಜಾಸ್ತಿ. ದಿನಾ ಬ್ರಷ್ ಹಾಕಿ ತೊಳೆಯಬೇಕು. ಫಂಗಸ್ ಕೂತು ಕೆಲವೇ ತಿಂಗಳಲ್ಲಿ ಸೋರಲು ಶುರು. ಚಹಾ ಗುಟುಕರಿಸಿದ ಕೂಡಲೇ ಕೆಮ್ಮು ಬಂತಾ, ತೂತಿನ ಹತ್ತಿರ ಚಹಾದ ಬಣ್ಣ ಕಂಡಿತಾ, ಬದಲಿಸುವ ಹೊತ್ತಾಯಿತು ಅಂತ. ಒಪಿಡಿಯಲ್ಲೇ ಬದಲಿಸುತ್ತಾರೆ. ಹಾಗೆ ಬದಲಿಸುವ ಡಾಕ್ಟರು ಹತ್ತಿರ ಇದ್ದಾರಾ, ಮೊದಲು ಅದನ್ನು ಕೇಳಿ.

ಮೆಷಿನ್‌ಗೆ ಆ ರಗಳೆ ಇಲ್ಲ, ಚಾರ್ಜ್ ಇದ್ದರೆ ಸಾಕು. ಸ್ವರ ಒಂದೇ ಸಮ, ದುಂಬಿ ಗುಂಯ್‌ಗುಟ್ಟಿದ ಹಾಗೆ. ಫೋನಲ್ಲಿ ನಾನು ಹಲೋ ಅಂದರೆ ಕಂಪನಿ ಕಾಲ್ ಅಂತ ಇಟ್ಟೇ ಬಿಡುತ್ತಾರೆ! ರೇಡಿಯೇಷನ್‌ನಿಂದ ಕುತ್ತಿಗೆ ಗಟ್ಟಿಯಾಗಿದ್ದರೆ ಅಲ್ಲಿ ಹಿಡಿದು ಪ್ರಯೋಜನ ಇಲ್ಲ, ಕೆನ್ನೆಗೆ ಒತ್ತಿ ನೋಡಿ. ಎರಡರಲ್ಲೂ ಒಂದು ಕೈ ಹೋಯಿತು. ತೂಕ ಹಾಕುತ್ತಾ ಮಾತಾಡುವುದು ಕಷ್ಟ. ನನ್ನ ಕೇಳಿದರೆ ಈಗ ಮೆಷಿನ್ ತಗೊಳ್ಳಿ, ವಾಲ್ವ್ ನಿಧಾನಕ್ಕೆ ನೋಡಿ. ಅಜ್ಜಿಯನ್ನು ಸುಮ್ನೆ ಕಾಯಿಸುವುದು ಬೇಡ.

ಸ್ಪೀಚ್ ಥೆರಪಿಸ್ಟ್, ಮಂಗಳೂರು
ಕಂಡಕ್ಟರಣ್ಣ ಹೇಳಿದ್ದು ಸರಿ. ಮೂರನೆಯದೂ ಇದೆ. ಬಾಯಿಂದ ಗಾಳಿಯನ್ನು ಅನ್ನನಾಳಕ್ಕೆ ಇಳಿಸಿ, ತೇಗಿನಂತೆ ಹೊರಬಿಟ್ಟು ಮಾತಾಡುವುದು. ಕೈ ಬೇಡ, ಸಾಮಾನು ಬೇಡ. ಆದರೆ ತಿಂಗಳುಗಟ್ಟಲೆ ಕಲಿಯಬೇಕು, ಎಲ್ಲರಿಗೂ ಬರುವುದಿಲ್ಲ. ಆಮದು ವಾಲ್ವ್‌ಗೆ ಸಾವಿರಗಟ್ಟಲೆ ಬೆಲೆ. ಬೆಂಗಳೂರಿನ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ ‘ಓಂ’ ವಾಲ್ವ್ ರೂಪಿಸಿದ್ದಾರೆ. ಅಪ್ಪನಿಗೆ ಆಗುತ್ತದಾ ಅಂತ ನಿಮ್ಮ ಡಾಕ್ಟರ ಹತ್ತಿರ ವಿಚಾರಿಸಿ.

ಸಂತೆಕಟ್ಟೆ, ಉಡುಪಿ
ಅಪ್ಪನಿಗೆ ಓದಿ ಹೇಳಿದೆ. "ಕೆನ್ನೆಗೆ ಒತ್ತಿದರೆ ಎಲೆಅಡಿಕೆ ಹೇಗೆ?" ಅಂತ ಚೀಟಿ ಬಂತು.

ಹಳೆ ಕಂಡಕ್ಟರ್, ಕಂಕನಾಡಿ
ಅದನ್ನು ಬಿಡಲೇಬೇಕು ಅಂತ ಹೇಳಿ. ಸ್ನಾನಕ್ಕೆ ತಲೆ ಮೇಲಿಂದ ನೀರು ಹೊಯ್ಯುವುದೂ ಬೇಡ, ತೂತಿಗೆ ಇಳಿದರೆ ಸೀದಾ ಶ್ವಾಸಕೋಶಕ್ಕೆ.